ಡಿ.ವಿ.ಡಿ. ತಟ್ಟೆಯೂ ಗ್ರಂಥಸಂಪಾದನೆಯೂ

ಕನ್ನಡದ ಮೊದಲ ಮಾತಿನ ಚಿತ್ರವಾದ 'ಸತಿ ಸುಲೋಚನಾ' ತೆರೆಗೆ ಬಂದದ್ದು ೧೯೩೪ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ. ವೈ. ವಿ. ರಾವ್ ಅವರು ಅದನ್ನು ನಿರ್ದೇಶಿಸಿದರು. ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅವರು ಮುಖ್ಯ ಪಾತ್ರಗಳನ್ನು ವಹಿಸಿದರು. ಕೊಲ್ಲಾಪುರದಲ್ಲಿ ತಯಾರಾಗಿ ಬೆಂಗಳೂರಿನಲ್ಲಿ ಪ್ರದರ್ಶಿತವಾದ ಆ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಹೆಸರು ಉಳಿದಿದೆ, ಚಿತ್ರ ಹೋಗಿದೆ. ಇದಕ್ಕೆ ಪ್ರತಿಯಾಗಿ ಸಾವಿರ ವರುಷಗಳ ಹಿಂದಿನ 'ವಡ್ಡಾರಾಧನೆ'ಯನ್ನು ನಾವು ತರಗತಿಯಲ್ಲಿ ಕುಳಿತು ಓದುತ್ತಿದ್ದೇವೆ. ಓಲೆಗರಿಯು ಫಿಲ್ಮಿಗಿಂತ ಗಟ್ಟಿಯೆಂದು ಇದರ ಅರ್ಥವಲ್ಲ. ಓಲೆಗಳನ್ನೂ ಗೆದ್ದಲು ತಿಂದಿದೆ, ನೀರು ಕೆಡಿಸಿದೆ. ಆದರೆ ಒಬ್ಬರ ಮನೆಯಲ್ಲಿ ಕೆಟ್ಟ ಗರಿ ಇನ್ನೊಬ್ಬರ ಮನೆಯಲ್ಲಿ ನೆಟ್ಟಗಿತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಓದುವ ತಾಳ್ಮೆಯುಳ್ಳ ಪಂಡಿತರು ನಮ್ಮಲ್ಲಿದ್ದರು. ಡಿ. ಎಲ್. ನರಸಿಂಹಾಚಾರ್ಯರು 'ವಡ್ಡಾರಾಧನೆ'ಯನ್ನು ೧೯೪೯ರಲ್ಲಿ ಪ್ರಕಟಿಸಿದ್ದು ಇಂಥ ತಾಳ್ಮೆಯ ಫಲ.

ಈ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಓಲೆಗರಿಯ ವಿಷಯವನ್ನಲ್ಲ. ನಮ್ಮ ಮನೆಮನೆಗಳ ಕಪಾಟಿನಲ್ಲಿ ಬಿದ್ದಿರುವ ಮದುವೆಯ ಡಿ.ವಿ.ಡಿ. ತಟ್ಟೆಗಳ ವಿಷಯವನ್ನು. ಆ ತಟ್ಟೆಯಲ್ಲಿ ಚಿತ್ರ ಏಕೆ ಒಡೆಯುತ್ತದೆ, ಒಡೆದ ಚಿತ್ರವನ್ನು ಸರಿಪಡಿಸಿ ಹೊಸ ತಟ್ಟೆಯನ್ನು ಮಾಡುವುದು ಹೇಗೆ, ಹಾಗೆ ಮಾಡುವಾಗ ಎಲ್ಲಿಗೆ ನಿಲ್ಲಬೇಕು ಎಂಬ ಮೂರು ಪ್ರಶ್ನೆಗಳನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ವಿವರಿಸಲು ಯತ್ನಿಸುತ್ತೇನೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಯಂತ್ರಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಸಂಜೆಯ ಹೊತ್ತು ಕಲಬುರಗಿಯ ಒಂದು ಸ್ಟುಡಿಯೋದಲ್ಲಿ ಮದುವೆಯ ಚಿತ್ರಗಳನ್ನು ಜೋಡಿಸುವ ಕೆಲಸ ಮಾಡುತ್ತೇನೆ. ಹಗಲು ಇಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುತ್ತೇನೆ. ಎರಡೂ ಒಂದೇ ಪಾಠವೆಂದು ನನಗೆ ತಿಳಿದದ್ದು ಕಳೆದ ವರುಷ, ಕಮಲಾಪುರದಿಂದ ಬಂದ ಒಂದು ತಟ್ಟೆಯಿಂದ.

ಕಮಲಾಪುರವು ಹುಮನಾಬಾದ್ ರಸ್ತೆಯ ಮೇಲಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ ನನ್ನ ದೊಡ್ಡವ್ವನ ಮನೆಯುಂಟು. ಅವಳ ಮಗಳ ಲಗ್ನ ೨೦೦೭ರಲ್ಲಿ ಆಯಿತು. ಆ ಲಗ್ನದಲ್ಲಿ ನನ್ನ ಮುತ್ಯಾ, ಎಂದರೆ ದೊಡ್ಡವ್ವನ ತಂದೆ, ಅಕ್ಷತೆಯಾದ ಮೇಲೆ ಏಕತಾರಿ ಹಿಡಿದು ಒಂದು ತತ್ತ್ವಪದ ಹಾಡಿದ್ದರು. ಎರಡು ವರುಷಗಳ ತರುವಾಯ ಅವರು ತೀರಿಕೊಂಡರು. ಅವರ ಫೋಟೋ ಎರಡು ಮೂರು ಇವೆ. ಅವರು ನಡೆದಾಡುವ, ದನಿಯೆತ್ತುವ ಚಿತ್ರವೆಂದರೆ ಲೋಕದಲ್ಲಿ ಆ ಒಂದು ತಟ್ಟೆಯೇ. ದೊಡ್ಡವ್ವ ಅದನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟಳು.

"ತಮ್ಮಾ, ಇದ್ರಾಗ ಅಪ್ಪ ಹಾಡ್ಯಾನ. ಅಲ್ಲಿಗಿ ಬಂದಕೂಡ್ಲೆ ನಿಂತುಬಿಡ್ತದ. ಮಾರಿ ತುಂಬ ಚೌಕ ಚೌಕ ಬಿದ್ದು ಏನೂ ಕಾಣಂಗಿಲ್ಲ. ಬ್ಯಾರೇದು ಹ್ವಾದ್ರ ಹೋಗ್ಲಿ, ಅದೊಂದು ಸರಿ ಮಾಡಿಕೊಡು" ಎಂದಳು.

ಚಿತ್ರ ತೆಗೆದವರು ಮೂಲದ ಕ್ಯಾಸೆಟ್ಟನ್ನು ಮತ್ತೊಂದು ಮದುವೆಗೆ ಬಳಸಿಬಿಟ್ಟಿದ್ದರು. ಆ ಕಾಲದಲ್ಲಿ ಅದು ವಾಡಿಕೆ. ಹೀಗಾಗಿ ಮೂಲಕ್ಕೆ ಹೋಗುವ ದಾರಿ ಮುಚ್ಚಿತ್ತು.

ಈ ಚೌಕಗಳು ಎಲ್ಲಿಂದ ಬರುತ್ತವೆ? ಇದನ್ನು ತಿಳಿಯಲು ತಟ್ಟೆಯೊಳಗೆ ಚಿತ್ರವನ್ನು ಹೇಗೆ ಬರೆದಿರುತ್ತಾರೆಂಬುದನ್ನು ಮೊದಲು ನೋಡಬೇಕು. ಚಲಿಸುವ ಚಿತ್ರವೆಂಬುದು ಸಾಲಾಗಿ ಬರುವ ನಿಂತ ಚಿತ್ರಗಳು. ಒಂದೊಂದನ್ನು ಫ್ರೇಮು ಎನ್ನುತ್ತಾರೆ. ನಮ್ಮ ದೇಶದ ಡಿ.ವಿ.ಡಿ.ಯಲ್ಲಿ ಸೆಕೆಂಡಿಗೆ ೨೫ ಫ್ರೇಮುಗಳು. ಪ್ರತಿ ಫ್ರೇಮಿನಲ್ಲಿ ಅಡ್ಡಕ್ಕೆ ೭೨೦, ಉದ್ದಕ್ಕೆ ೫೭೬ ಚುಕ್ಕೆಗಳು. ಒಟ್ಟು ೪ ಲಕ್ಷ ೧೪ ಸಾವಿರದ ೭೨೦. ಇವನ್ನೆಲ್ಲ ಇದ್ದಂತೆಯೇ ಬರೆಯುತ್ತ ಹೋದರೆ ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ ಬೈಟುಗಳು ಬೇಕಾಗುತ್ತವೆ. ಸಾಮಾನ್ಯ ಡಿ.ವಿ.ಡಿ. ತಟ್ಟೆ ಹಿಡಿಯುವುದು ೪೭೦ ಕೋಟಿ ಬೈಟುಗಳನ್ನು. ಎಂದರೆ ಐದು ನಿಮಿಷಕ್ಕೆ ತಟ್ಟೆ ತುಂಬಿಹೋಗುತ್ತದೆ. ಅರಿಶಿಣ ಹಚ್ಚುವುದು ಮುಗಿಯುವ ಮೊದಲೇ ಸ್ಥಳ ಮುಗಿದಿರುತ್ತದೆ. ಆದುದರಿಂದ ಚಿತ್ರವನ್ನು ಸಂಕ್ಷೇಪಿಸಲೇಬೇಕು. ಡಿ.ವಿ.ಡಿ.ಯಲ್ಲಿ ಬಳಸುವ ಸಂಕ್ಷೇಪದ ಪದ್ಧತಿಗೆ ಎಂಪೆಗ್-೨ ಎಂದು ಹೆಸರು.

ಈ ಸಂಕ್ಷೇಪದ ಬುಡದಲ್ಲಿ ನಮ್ಮ ನಾಡಿನವರೊಬ್ಬರ ಕೆಲಸವಿದೆಯೆಂಬುದನ್ನು ಬಹಳ ಜನ ಅರಿಯರು. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮುಂದೆ ಅಮೆರಿಕೆಗೆ ಹೋದ ನಾಸಿರ್ ಅಹಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ೧೯೭೪ರಲ್ಲಿ ಒಂದು ಗಣಿತವಿಧಾನವನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದರ ಹೆಸರು. ಈ ಸಂಶೋಧನೆಗೆ ಹಣ ಬೇಡಿ ಅವರು ೧೯೭೨ರಲ್ಲಿ ಸಲ್ಲಿಸಿದ ಅರ್ಜಿ ಅಲ್ಲಿಯ ವಿಜ್ಞಾನ ಸಂಸ್ಥೆಯಿಂದ ತಿರಸ್ಕೃತವಾಯಿತು; ಅವರು ಕೆಲಸವನ್ನು ಬಿಡಲಿಲ್ಲ. ಆ ವಿಧಾನದ ಸಾರವಿಷ್ಟು: ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳ ಪುಟ್ಟ ಚೌಕಗಳನ್ನಾಗಿ ಕತ್ತರಿಸಿ, ಆ ೬೪ ಚುಕ್ಕೆಗಳ ಬದಲು ಅಲ್ಲಿ ಬೆಳಕು ನಿಧಾನವಾಗಿ ಎಷ್ಟು ಬದಲಾಗುತ್ತದೆ, ಚುರುಕಾಗಿ ಎಷ್ಟು ಬದಲಾಗುತ್ತದೆ ಎಂಬ ೬೪ ಅಂಕೆಗಳನ್ನು ಬರೆಯುವುದು. ಕಣ್ಣಿಗೆ ತಿಳಿಯದ ಚುರುಕು ಬದಲಾವಣೆಗಳನ್ನು ಬಿಟ್ಟುಬಿಟ್ಟರೆ ಬರೆಯಬೇಕಾದದ್ದು ಬಹಳ ಕಡಿಮೆಯಾಗುತ್ತದೆ. ತಟ್ಟೆ ಕೆಟ್ಟಾಗ ಚಿತ್ರವು ಚೂರಾಗದೆ, ಹರಿಯದೆ, ಚೌಕ ಚೌಕವಾಗಿಯೇ ಒಡೆಯುವುದು ಈ ಕಾರಣದಿಂದ. ದೊಡ್ಡವ್ವನ ಕಣ್ಣಿಗೆ ಬಿದ್ದದ್ದು ಇದೇ ಚೌಕಗಳು.

ಎರಡನೆಯ ಸಂಕ್ಷೇಪವನ್ನು ನಮ್ಮ ಕಲಬುರಗಿಯ ತೊಗರಿ ವ್ಯಾಪಾರದ ಲೆಕ್ಕದಿಂದ ಸುಲಭವಾಗಿ ತಿಳಿಯಬಹುದು. ಅಡತಿಯ ಅಂಗಡಿಯಲ್ಲಿ ಗುಮಾಸ್ತನು ದಿನವೂ ಗೋದಾಮಿನ ಎಲ್ಲ ಚೀಲಗಳನ್ನು ಎಣಿಸಿ ಬರೆಯುವುದಿಲ್ಲ. ತಿಂಗಳ ಮೊದಲ ದಿನ ಪೂರಾ ಎಣಿಕೆ ಬರೆಯುತ್ತಾನೆ. ಆಮೇಲೆ ಇಂದು ಇಷ್ಟು ಬಂತು, ಇಷ್ಟು ಹೋಯಿತು ಎಂದು ವ್ಯತ್ಯಾಸವನ್ನಷ್ಟೇ ಬರೆಯುತ್ತಾನೆ. ಡಿ.ವಿ.ಡಿ.ಯಲ್ಲಿಯೂ ಹಾಗೆಯೇ. ಹನ್ನೆರಡು ಹದಿನೈದು ಫ್ರೇಮುಗಳ ಒಂದೊಂದು ಗುಂಪು. ಅದರ ಮೊದಲ ಫ್ರೇಮು ಪೂರ್ಣವಾದ ಚಿತ್ರ. ಇದನ್ನು ಐ-ಫ್ರೇಮು ಎನ್ನುತ್ತಾರೆ. ಮುಂದಿನ ಕೆಲವು, ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೆಂಬುದನ್ನು ಮಾತ್ರ ಹೇಳುತ್ತವೆ, ಅವು ಪಿ-ಫ್ರೇಮುಗಳು. ಇನ್ನುಳಿದವು ಹಿಂದಿನದನ್ನೂ ಮುಂದಿನದನ್ನೂ ನೋಡಿ ನಡುವಿನದನ್ನು ಊಹಿಸುವಂಥವು; ಅವು ಬಿ-ಫ್ರೇಮುಗಳು.

ಲೆಕ್ಕದ ಪುಸ್ತಕದಲ್ಲಿ ತಿಂಗಳ ಏಳನೆಯ ತಾರೀಖಿನ ಸಾಲಿನ ಮೇಲೆ ಮಸಿ ಚೆಲ್ಲಿತೆನ್ನೋಣ. ಕೆಟ್ಟದ್ದು ಒಂದು ದಿನದ ಲೆಕ್ಕವೇ. ಆದರೆ ಎಂಟು, ಒಂಬತ್ತು, ಹತ್ತನೆಯ ತಾರೀಖಿನ ಶಿಲ್ಕು ಕೂಡ ತಪ್ಪುತ್ತದೆ. ಮುಂದಿನ ತಿಂಗಳ ಪೂರಾ ಎಣಿಕೆ ಬರುವವರೆಗೆ ತಪ್ಪು ತಪ್ಪಾಗಿಯೇ ಸಾಗುತ್ತದೆ. ತಟ್ಟೆಯಲ್ಲಿಯೂ ಒಂದು ಐ-ಫ್ರೇಮು ಕೆಟ್ಟರೆ ಅರ್ಧ ಸೆಕೆಂಡಿನ ಚಿತ್ರವೆಲ್ಲ ಕೆಡುತ್ತದೆ. ಪಿ-ಫ್ರೇಮು ಕೆಟ್ಟರೆ ಆ ಗುಂಪಿನ ಉಳಿದ ಭಾಗ ಕೆಡುತ್ತದೆ. ಬಿ-ಫ್ರೇಮು ಕೆಟ್ಟರೆ ಅದೊಂದೇ ಕೆಡುತ್ತದೆ. ಪರದೆಯ ಮೇಲೆ ಕಾಣುವ ಗಾಯ ದೊಡ್ಡದಾದರೂ ನಿಜವಾದ ಗಾಯ ಚಿಕ್ಕದಿರಬಹುದೆಂಬ ಈ ಮಾತನ್ನು ರಿಪೇರಿ ಮಾಡುವವನು ಮರೆಯಬಾರದು. ಎಲ್ಲಿ ಮಸಿ ಬಿದ್ದಿದೆಯೋ ಆ ಸಾಲನ್ನು ಹುಡುಕಬೇಕೇ ಹೊರತು ಇಡೀ ಪುಸ್ತಕವನ್ನು ಹೊಸದಾಗಿ ಬರೆಯಹೊರಡಬಾರದು.

ಇನ್ನು ತಟ್ಟೆಯ ಗುಣ. ತಟ್ಟೆಯ ಮೇಲಿನ ಬರಹ ನಡುವಿನಿಂದ ಆರಂಭವಾಗಿ ಸುರುಳಿಯಾಗಿ ಅಂಚಿನ ಕಡೆಗೆ ಹೋಗುತ್ತದೆ. ಒಂದು ಸುತ್ತಿಗೂ ಮತ್ತೊಂದು ಸುತ್ತಿಗೂ ನಡುವಣ ಅಂತರ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾದ ಬರಹಕ್ಕೆ ಧೂಳು, ಗೀರು ತಪ್ಪಿದ್ದಲ್ಲವೆಂದು ತಿಳಿದೇ ಇದನ್ನು ರಚಿಸಿದವರು ಕಾವಲಿನ ಅಂಕೆಗಳನ್ನು ಸೇರಿಸಿದ್ದಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸೋಲೊಮನ್ ಎಂಬಿಬ್ಬರು ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ವಿಧಾನವಿದು. ಇದನ್ನೂ ಲೆಕ್ಕದ ಪುಸ್ತಕದಿಂದಲೇ ತಿಳಿಯಬಹುದು. ಒಂದು ಪುಟದಲ್ಲಿ ಪ್ರತಿ ಅಡ್ಡಸಾಲಿಗೂ ಮೊತ್ತ ಹಾಕಿ, ಪ್ರತಿ ಕಂಬಸಾಲಿಗೂ ಮೊತ್ತ ಹಾಕಿದ್ದರೆ, ನಡುವೆ ಒಂದು ಅಂಕೆ ಅಳಿಸಿಹೋದರೂ ಮೊತ್ತಗಳಿಂದ ಕಳೆದು ಅದನ್ನು ಮತ್ತೆ ಪಡೆಯಬಹುದಲ್ಲವೆ? ಡಿ.ವಿ.ಡಿ.ಯಲ್ಲಿ ೨೦೪೮ ಬೈಟುಗಳ ಒಂದು ಸೆಕ್ಟರು. ಅಂಥ ೧೬ ಸೆಕ್ಟರುಗಳು ಸೇರಿ ೧೯೨ ಅಡ್ಡಸಾಲು, ೧೭೨ ಕಂಬಸಾಲುಗಳ ಒಂದು ಪುಟ. ಪ್ರತಿ ಅಡ್ಡಸಾಲಿಗೆ ೧೦, ಪ್ರತಿ ಕಂಬಸಾಲಿಗೆ ೧೬ ಕಾವಲು ಬೈಟುಗಳು. ಇವುಗಳ ದೆಸೆಯಿಂದ ಸಣ್ಣಪುಟ್ಟ ಗೀರುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಾವಲಿನ ಶಕ್ತಿಯನ್ನು ಮೀರಿ ಅಂಕೆಗಳು ಅಳಿದಾಗ ಮಾತ್ರ ಇಡೀ ಪುಟ ಓದಲು ಬಾರದಾಗುತ್ತದೆ. ಒಂದು ಪುಟವೆಂದರೆ ಹೆಚ್ಚು ಕಡಿಮೆ ಒಂದು ಫ್ರೇಮಿನ ಹೊತ್ತಿನ ಸರಕು.

ನಾವು ಮನೆಯಲ್ಲಿ ಬರೆಸುವ ತಟ್ಟೆಗಳಲ್ಲಿ ಬರಹವು ಒಂದು ಬಗೆಯ ಬಣ್ಣದ ಪದರದ ಮೇಲಿರುತ್ತದೆ. ಬಿಸಿಲು, ಕಾವು ಇದಕ್ಕೆ ಶತ್ರು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಸಲೀಸಾಗಿ ದಾಟುವ ನಮ್ಮ ಜಿಲ್ಲೆಯಲ್ಲಿ ತಗಡಿನ ಮಾಡಿನ ಕೆಳಗೆ, ಟಿ.ವಿ.ಯ ತಲೆಯ ಮೇಲೆ ಇಟ್ಟ ತಟ್ಟೆಗೆ ಆಯುಷ್ಯ ಕಡಿಮೆ. ಕೈಯಲ್ಲಿ ಹಿಡಿಯುವುದು ಅಂಚಿನಲ್ಲಿ. ಮದುವೆಯ ಕೊನೆಯ ಭಾಗ ಇರುವುದೂ ಅಂಚಿನ ಕಡೆಗೇ. ಮುತ್ಯಾನ ಹಾಡು ಬಂದದ್ದು ಕೊನೆಯಲ್ಲಿ. ತಟ್ಟೆಯು ಸರಿಯಾಗಿ ಅಲ್ಲಿಯೇ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ರಿಪೇರಿಯ ಕ್ರಮಕ್ಕೆ ಬರೋಣ. ಮೊದಲು ಮಾಡಬೇಕಾದದ್ದು ರೋಗವೆಲ್ಲಿದೆಯೆಂಬುದರ ನಿರ್ಣಯ. ಚಿತ್ರ ಎರಡು ವಿಧವಾಗಿ ಕೆಡಬಹುದು. ಒಂದು, ಬರಹ ಸರಿಯಾಗಿದ್ದು ಓದಲು ಬಾರದಿರುವುದು. ಮತ್ತೊಂದು, ಬರೆಯುವಾಗಲೇ ತಪ್ಪು ಬರೆದಿರುವುದು. ಬೇರೆ ಬೇರೆ ಪ್ಲೇಯರುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕೆಟ್ಟರೆ ಅದು ಓದುವ ದೋಷ. ಎಲ್ಲ ಪ್ಲೇಯರುಗಳಲ್ಲಿಯೂ ಅದೇ ಕ್ಷಣದಲ್ಲಿ ಅದೇ ರೀತಿಯಲ್ಲಿ ಕೆಟ್ಟು, ಕಂಪ್ಯೂಟರು ಮಾತ್ರ ತಟ್ಟೆಯನ್ನು ತಡೆಯಿಲ್ಲದೆ ಓದಿದರೆ ಅದು ಬರೆದ ದೋಷ. ಹೊಸದಾಗಿ ಡಿ.ವಿ.ಡಿ. ತಯಾರಿಸುವವರಿಗೂ ಇದೇ ಪರೀಕ್ಷೆ: ಒಂದೇ ಚಿತ್ರವನ್ನು ಎರಡು ಸಲ ಸಂಕ್ಷೇಪಿಸಿ ನೋಡಬೇಕು. ಎರಡು ಸಲವೂ ಅದೇ ಫ್ರೇಮು ಕೆಟ್ಟಿದ್ದರೆ ದೋಷ ಮೂಲದಲ್ಲಿದೆ. ಸ್ಥಳ ಬದಲಾಗುತ್ತಿದ್ದರೆ ಕಂಪ್ಯೂಟರಿನ ಮೆಮೊರಿಯಲ್ಲೋ ಹಾರ್ಡ್ ಡಿಸ್ಕಿನಲ್ಲೋ ಕೇಬಲಿನಲ್ಲೋ ಇದೆ. ಯಂತ್ರದ ದೋಷವನ್ನು ಚಿತ್ರದಲ್ಲಿ ತಿದ್ದುತ್ತ ಕೂಡುವುದು ವ್ಯರ್ಥ.

ದೊಡ್ಡವ್ವನ ತಟ್ಟೆಯದು ಓದುವ ದೋಷ. ಇಂಥಲ್ಲಿ ಮೊದಲ ನಿಯಮ, ಕೆಟ್ಟ ತಟ್ಟೆಯನ್ನು ಮತ್ತೆ ಮತ್ತೆ ಆಡಿಸಿ ನೋಡಬಾರದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ಸುತ್ತ ಒರೆಸಬಾರದು. ಸುತ್ತ ಬಿದ್ದ ಗೀರು ಬರಹದ ಸಾಲಿನ ಉದ್ದಕ್ಕೂ ಸಾಗಿ ಬಹಳ ಅಂಕೆಗಳನ್ನು ನುಂಗುತ್ತದೆ; ಅಡ್ಡ ಬಿದ್ದ ಗೀರನ್ನು ಕಾವಲಿನ ಅಂಕೆಗಳು ತಾಳಿಕೊಳ್ಳುತ್ತವೆ. ಆಮೇಲೆ ತಟ್ಟೆಯ ಪೂರ್ಣ ಪ್ರತಿಯನ್ನು ಸೆಕ್ಟರಿಗೆ ಸೆಕ್ಟರಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವುಂಟು. ಇದರ ಜಾಣತನವೇನೆಂದರೆ, ಓದಲು ಸುಲಭವಾದ ಭಾಗಗಳನ್ನೆಲ್ಲ ಮೊದಲು ಓದಿ ಮುಗಿಸಿ, ಕಠಿಣವಾದವುಗಳಿಗೆ ಆಮೇಲೆ ಹಿಂದಿರುಗುತ್ತದೆ. ಯಾವ ಸೆಕ್ಟರು ಸಿಕ್ಕಿತು, ಯಾವುದು ಸಿಕ್ಕಲಿಲ್ಲವೆಂದು ಒಂದು ನಕ್ಷೆಯನ್ನೂ ಬರೆದಿಡುತ್ತದೆ. ಪರೀಕ್ಷೆಯಲ್ಲಿ ತಿಳಿದ ಪ್ರಶ್ನೆಗಳನ್ನು ಮೊದಲು ಬರೆಯುವ ವಿದ್ಯಾರ್ಥಿಯ ಉಪಾಯವೇ ಇದು.

ಒಂದು ರಾತ್ರಿಯೆಲ್ಲ ಯಂತ್ರ ಓಡಿತು. ಬೆಳಿಗ್ಗೆ ನಕ್ಷೆ ತೆಗೆದು ನೋಡಿದರೆ ಕಾವಲಿನ ಲೆಕ್ಕದ ೪೧ ಪುಟಗಳು ಬಂದಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಮುತ್ಯಾನ ಹಾಡಿನ ಮೂರು ನಿಮಿಷಗಳಲ್ಲಿ ಇದ್ದವು.

ಗ್ರಂಥಸಂಪಾದನೆಯ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಮಾತು, 'ಒಂದೇ ಪ್ರತಿಯನ್ನು ನಂಬಬೇಡ, ಬೇರೆ ಪ್ರತಿಗಳನ್ನು ಹುಡುಕು' ಎಂಬುದು. ವಿಜಯಪುರದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗಳಿಗಾಗಿ ಊರೂರು, ಮನೆಮನೆ ತಿರುಗಿದುದನ್ನು ನಾವು ಓದಿದ್ದೇವೆ. ಆ ದಿನ ನನಗೆ ಅದು ಹೊಳೆಯಿತು. ಲಗ್ನದ ತಟ್ಟೆಯನ್ನು ಒಂದೇ ದಿನ, ಒಂದೇ ಕಂಪ್ಯೂಟರಿನಿಂದ ಎರಡು ಮಾಡಿ, ಒಂದನ್ನು ಕಮಲಾಪುರಕ್ಕೆ, ಇನ್ನೊಂದನ್ನು ಕಲಬುರಗಿಯಲ್ಲಿರುವ ಬೀಗರ ಮನೆಗೆ ಕೊಟ್ಟಿದ್ದರು. ಎರಡೂ ಒಂದೇ ಅಚ್ಚಿನವಾದುದರಿಂದ ಮೊದಲನೆಯದರಲ್ಲಿ ಹೋದ ಸೆಕ್ಟರು ಎರಡನೆಯದರಲ್ಲಿ ಅದೇ ಸಂಖ್ಯೆಯ ಸ್ಥಳದಲ್ಲಿರಬೇಕು.

ಆದರೆ ಆ ಎರಡು ಮನೆಗಳ ಹಿರಿಯರಲ್ಲಿ ಒಂದು ಹಣದ ವಿಷಯವಾಗಿ ಮಾತು ನಿಂತು ಆರು ವರುಷವಾಗಿತ್ತು. ಅಕ್ಕನೂ ಭಾವನೂ ಪುಣೆಯಲ್ಲಿದ್ದಾರೆ. ನಡುವೆ ನಿಂತು ಕೇಳುವವರಿರಲಿಲ್ಲ. ದೊಡ್ಡವ್ವನಿಗೆ ಹೇಳಿದರೆ ಬೇಡವೆಂದಾಳೆಂದು ಹೇಳದೆಯೇ ಹೋದೆ. ಬಾಗಿಲಲ್ಲಿ ನಿಂತು, "ಕಾಕಾ, ಲಗ್ನದ ಸಿ.ಡಿ. ನಿಮ್ಮ ಹತ್ರ ಅದೇನ್ರಿ?" ಎಂದು ಕೇಳಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಯಾಕೆಂದು ಕೇಳಿದರು, ಇದ್ದುದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ತಂದುಕೊಟ್ಟರು. "ಒಯ್ಯಿ. ನನಗೂ ಒಂದು ಮಾಡಿಕೊಡು. ಆ ಮುತ್ಯಾ ಹಾಡಿದ್ದು ನಾನೂ ಕೇಳೀನಿ" ಎಂದರು.

ಆ ತಟ್ಟೆಯೂ ಕೆಟ್ಟಿತ್ತು. ಅದೊಂದನ್ನೇ ಬೇರೆಯಾಗಿ ಓದಿಸಿ ನೋಡಿದಾಗ ೧೭ ಪುಟಗಳು ಬರಲಿಲ್ಲ. ಆದರೆ ಅವು ಬೇರೆ ಸ್ಥಳದ ಪುಟಗಳು. ಎರಡರಲ್ಲಿಯೂ ನೆಟ್ಟಗಿದ್ದ ಭಾಗಗಳನ್ನು ಮೊದಲು ಹೋಲಿಸಿ, ಎರಡೂ ಅಕ್ಷರಶಃ ಒಂದೇ ಎಂಬುದನ್ನು ಖಚಿತ ಮಾಡಿಕೊಂಡೆ. ಈ ಹೋಲಿಕೆಯನ್ನು ಬಿಡಬಾರದು. ತಟ್ಟೆಗಳು ಬೇರೆ ಬೇರೆ ಸಲ ತಯಾರಾದವಾದರೆ ಒಂದರ ತುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ಆಮೇಲೆ ಕಮಲಾಪುರದ ತಟ್ಟೆಯ ನಕ್ಷೆಯನ್ನೇ ಕೊಟ್ಟು ಡಿಡಿರೆಸ್ಕ್ಯೂವನ್ನು ಕಲಬುರಗಿಯ ತಟ್ಟೆಯ ಮೇಲೆ ಓಡಿಸಿದೆ. ಅದು ಬಂದಿರುವುದನ್ನು ಮುಟ್ಟದೆ, ಬಾರದ ಸ್ಥಳಗಳನ್ನು ಮಾತ್ರ ಇಲ್ಲಿಂದ ತುಂಬಿತು. ನಲವತ್ತೊಂದರಲ್ಲಿ ನಲವತ್ತು ಪುಟಗಳು ಬಂದವು. ಎರಡು ಮನೆಗಳಲ್ಲಿಯೂ ಹರಿದಿದ್ದ ಪುಸ್ತಕ ಎರಡೂ ಸೇರಿ ಒಂದಾಯಿತು. ಉಳಿದದ್ದು ಒಂದೇ ಪುಟ. ಅದು ಎರಡು ಕಡೆಯೂ ಹೋಗಿತ್ತು.

ಆ ಒಂದು ಪುಟದಲ್ಲಿದ್ದದ್ದು ಒಂದು ಪಿ-ಫ್ರೇಮು. ಅದನ್ನು ನಂಬಿಕೊಂಡಿದ್ದ ಹಿಂದಿನ ಎರಡು ಬಿ-ಫ್ರೇಮುಗಳೂ ಗುಂಪಿನ ಮುಂದಿನ ಫ್ರೇಮುಗಳೂ ಸೇರಿ ಹನ್ನೆರಡರಲ್ಲಿ ಎಂಟು ಕೆಟ್ಟಿದ್ದವು. ಎಂಟು ಫ್ರೇಮುಗಳೆಂದರೆ ಸೆಕೆಂಡಿನ ಮೂರನೆಯ ಒಂದು ಪಾಲು. ಮುತ್ಯಾ ಪದದ ನಡುವೆ ತಲೆಯೆತ್ತಿ ನೋಡುವ ಕ್ಷಣವದು.

ಏನು ಮಾಡಬೇಕು? ದಾರಿಗಳು ನಾಲ್ಕು. ಒಂದು, ಇದ್ದಂತೆ ಚೌಕಗಳನ್ನೇ ಬಿಡುವುದು. ಎರಡು, ಎಂಟು ಫ್ರೇಮುಗಳನ್ನು ಕತ್ತರಿಸಿ ತೆಗೆಯುವುದು. ಇದು ಸುಲಭವೆಂದು ತೋರುತ್ತದೆ. ಆದರೆ ಒಂದು ಫ್ರೇಮಿಗೆ ಸೆಕೆಂಡಿನ ೨೫ನೆಯ ಒಂದು ಪಾಲಿನಂತೆ ಚಿತ್ರ ಮುಂದಕ್ಕೆ ಜಿಗಿದು, ಧ್ವನಿ ಹಿಂದೆ ಬೀಳುತ್ತದೆ. ಇಂಥ ನಾಲ್ಕೈದು ಕತ್ತರಿಯಾದರೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಕೆಟ್ಟ ಭಾಗವನ್ನು ಸದ್ದಿಲ್ಲದೆ ಹಾರಿಸುವ ಅಗ್ಗದ ತಂತ್ರಾಂಶಗಳಿಂದ ಆಗುವ ಅನಾಹುತವೂ ಇದೇ. ಮೂರು, ಕೊನೆಯ ಒಳ್ಳೆಯ ಫ್ರೇಮನ್ನೇ ಎಂಟು ಸಲ ಇಟ್ಟು ಸ್ಥಳವನ್ನು ಕಾಯುವುದು. ನಾಲ್ಕನೆಯದನ್ನು ಸ್ಟುಡಿಯೋದ ಗೆಳೆಯನೊಬ್ಬ ಸೂಚಿಸಿದ: "ಈಗ ಕೃತಕ ಬುದ್ಧಿಮತ್ತೆ ಅದಲ್ಲೋ! ಅದಕ್ಕ ಕೊಟ್ರ ನಿಮ್ಮ ಮುತ್ಯಾನ ಮಾರಿ ತಾನೇ ಮಾಡ್ತದ. ಯಾರಿಗೂ ಗೊತ್ತಾಗಂಗಿಲ್ಲ."

'ಯಾರಿಗೂ ಗೊತ್ತಾಗುವುದಿಲ್ಲ' ಎಂಬ ಮಾತೇ ನನ್ನನ್ನು ತಡೆಯಿತು. ಓಲೆಯಲ್ಲಿ ಗೆದ್ದಲು ತಿಂದ ಸ್ಥಳಕ್ಕೆ ನಮ್ಮಲ್ಲಿ ಗ್ರಂಥಪಾತವೆಂದು ಹೆಸರು. ಪಂಡಿತನಾದ ಸಂಪಾದಕನಿಗೆ ಛಂದಸ್ಸು ತಿಳಿದಿರುತ್ತದೆ, ಕವಿಯ ಶೈಲಿ ತಿಳಿದಿರುತ್ತದೆ. ಆ ಸ್ಥಳಕ್ಕೆ ಹೊಂದುವ ಸಾಲನ್ನು ಅವನು ರಚಿಸಬಲ್ಲ. ಆದರೂ ರಚಿಸಿ ಸೇರಿಸುವುದಿಲ್ಲ. ಚುಕ್ಕೆಗಳನ್ನಿಟ್ಟು 'ಇಲ್ಲಿ ಹೋಗಿದೆ' ಎಂದು ತೋರಿಸುತ್ತಾನೆ. ಊಹಿಸಿದರೆ ಊಹೆಯೆಂದು ಅಡಿಯಲ್ಲಿ ಬರೆಯುತ್ತಾನೆ. ಇನ್ನೊಂದು ಪ್ರತಿಯಿಂದ ತಂದು ಸೇರಿಸಿದ್ದು ಪಾಠ. ತನ್ನ ತಲೆಯಿಂದ ತಂದು ಸೇರಿಸಿದ್ದು ಪ್ರಕ್ಷಿಪ್ತ. ಬೀಗರ ತಟ್ಟೆಯಿಂದ ಬಂದ ನಲವತ್ತು ಪುಟಗಳು ಪಾಠ. ಯಂತ್ರ ಕಲ್ಪಿಸುವ ಎಂಟು ಫ್ರೇಮುಗಳ ಮುಖ ಪ್ರಕ್ಷಿಪ್ತ. ಅದು ಚೆನ್ನಾಗಿಯೇ ಇರಬಹುದು, ಆದರೆ ಅದು ಮುತ್ಯಾ ಅಲ್ಲ. ನಾನು ಮೂರನೆಯ ದಾರಿಯನ್ನು ಹಿಡಿದೆ. ನಿಂತ ಚಿತ್ರವು ಚುಕ್ಕೆಯಿಟ್ಟ ಗೆರೆಯಂತೆ. ಇಲ್ಲಿ ಏನೋ ಇಲ್ಲವೆಂದು ನೋಡುವವರಿಗೆ ತಿಳಿಯುತ್ತದೆ.

ಕೆಲಸವನ್ನು ಮಾಡುವ ರೀತಿಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಎಂಪೆಗ್ ಚಿತ್ರವನ್ನು ಮತ್ತೊಮ್ಮೆ ಸಂಕ್ಷೇಪಿಸಿದಾಗಲೆಲ್ಲ ಅದರ ಅಂದ ಒಂದಿಷ್ಟು ಕುಂದುತ್ತದೆ. ಆದುದರಿಂದ ಎಂಟು ಫ್ರೇಮಿಗಾಗಿ ಒಂದೂವರೆ ತಾಸಿನ ಚಿತ್ರವನ್ನೆಲ್ಲ ಮತ್ತೆ ಸಂಕ್ಷೇಪಿಸುವುದು ಮೂರ್ಖತನ. ನಮ್ಮ ಕಡೆಯ ಹೆಂಗಸರು ಕೌದಿಯ ಒಂದು ಚೌಕ ಹರಿದರೆ ಕೌದಿಯನ್ನೆಲ್ಲ ಬಿಚ್ಚುವುದಿಲ್ಲ. ಆ ಚೌಕಕ್ಕೆ ಮಾತ್ರ ತ್ಯಾಪೆ ಹಚ್ಚುತ್ತಾರೆ. ಹಾಗೆಯೇ ಚಿತ್ರ ಮತ್ತು ಧ್ವನಿಗಳನ್ನು ಬೇರ್ಪಡಿಸಿ, ಕೆಟ್ಟ ಹನ್ನೆರಡರ ಗುಂಪನ್ನು ಮಾತ್ರ ಹೊರಗೆ ತೆಗೆದು, ನೆಟ್ಟಗಿದ್ದ ನಾಲ್ಕು ಫ್ರೇಮು ಮತ್ತು ನಿಲ್ಲಿಸಿದ ಎಂಟು ಫ್ರೇಮುಗಳಿಂದ ಹೊಸ ಗುಂಪನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಮಾಡಿ, ಅದೇ ಸ್ಥಳದಲ್ಲಿ ಕೂಡಿಸಬೇಕು. ಹೊಸ ಗುಂಪು ಅಕ್ಕಪಕ್ಕದ ಗುಂಪುಗಳನ್ನು ಅವಲಂಬಿಸದೆ ತನ್ನ ಕಾಲ ಮೇಲೆ ತಾನು ನಿಲ್ಲುವಂತಿರಬೇಕು. ಧ್ವನಿಯಲ್ಲಿ ಹೋದ ಚೂರಿಗೆ ಅಷ್ಟೇ ಹೊತ್ತಿನ ಮೌನವನ್ನು ಇಡಬೇಕು. ಇಲ್ಲವಾದರೆ ಅಲ್ಲಿಂದ ಮುಂದೆ ತಾಳ ತಪ್ಪುತ್ತದೆ.

ಹೀಗೆ ತಿದ್ದಿದ ಮೇಲೆ ಹಳೆಯ ತಟ್ಟೆಯ ಕಡತದಲ್ಲಿಯೇ ಅದನ್ನು ತುರುಕಬಾರದು. ಡಿ.ವಿ.ಡಿ.ಯಲ್ಲಿ ಚಿತ್ರವಿರುವ ವಿಓಬಿ ಕಡತಗಳಲ್ಲದೆ ಐಎಫ್ಓ ಎಂಬ ವಿಷಯಸೂಚಿಯ ಕಡತಗಳೂ ಇವೆ. ಯಾವ ದೃಶ್ಯ ಯಾವ ಸೆಕ್ಟರಿನಲ್ಲಿದೆಯೆಂದು ಅವುಗಳಲ್ಲಿ ಬರೆದಿರುತ್ತದೆ. ತ್ಯಾಪೆಯ ಅಳತೆ ಒಂದಿಷ್ಟು ಬದಲಾದರೂ ಸೂಚಿಯ ಪುಟಸಂಖ್ಯೆಗಳೆಲ್ಲ ತಪ್ಪಾಗುತ್ತವೆ. ಆದುದರಿಂದ ಡಿವಿಡಿ-ಆಥರ್‌ನಂಥ ತಂತ್ರಾಂಶದಿಂದ ಚಿತ್ರ, ಧ್ವನಿಗಳನ್ನು ಮತ್ತೆ ಕೂಡಿಸಿ ಸೂಚಿಯನ್ನು ಹೊಸದಾಗಿ ಬರೆಸಬೇಕು. ಚಿತ್ರದ ವೇಗ ಸೆಕೆಂಡಿಗೆ ೯೮ ಲಕ್ಷ ಬಿಟ್‌ಗಳನ್ನು ಮೀರಬಾರದು. ಮೀರಿದರೆ ಹಳೆಯ ಪ್ಲೇಯರುಗಳು ತಡವರಿಸುತ್ತವೆ. ಕೊನೆಗೆ ಒಳ್ಳೆಯ ತಟ್ಟೆಯ ಮೇಲೆ ಅವಸರವಿಲ್ಲದ ವೇಗದಲ್ಲಿ ಬರೆದು, ಬರೆದದ್ದನ್ನು ಪೂರ್ತಿ ಓದಿಸಿ ಮೂಲದೊಡನೆ ಹೋಲಿಸಬೇಕು. ತಟ್ಟೆಯ ಮೇಲೆ ಕಾಗದದ ಲೇಬಲು ಅಂಟಿಸಬಾರದು. ಅದು ತಿರುಗುವಾಗ ತೂಕ ತಪ್ಪುತ್ತದೆ.

ಎರಡು ತಟ್ಟೆ ಮಾಡಿದೆ. ಹಾರ್ಡ್ ಡಿಸ್ಕಿನ ಪ್ರತಿಯನ್ನು ಪುಣೆಗೂ ಕಳಿಸಿದೆ. ಈಗ ಮುತ್ಯಾನ ಹಾಡು ಮೂರು ಊರುಗಳಲ್ಲಿದೆ. ಕಮಲಾಪುರದಲ್ಲಿ ದೊಡ್ಡವ್ವ ಟಿ.ವಿ.ಯ ಮುಂದೆ ಕುಳಿತು ಪೂರಾ ನೋಡಿದಳು. ಆ ಸ್ಥಳ ಬಂದಾಗ, "ಇಲ್ಲಿ ಯಾಕ ಒಂದೀಟು ನಿಂತಾನ?" ಎಂದು ಕೇಳಿದಳು. ಅಲ್ಲಿ ಹೋಗಿರುವುದನ್ನೂ, ನಾನು ತುಂಬದೆ ಬಿಟ್ಟುದನ್ನೂ ಹೇಳಿದೆ.

"ಇರ್ಲಿ ಬಿಡು. ತ್ಯಾಪಿ ತ್ಯಾಪಿ ಆಗೇ ಕಾಣ್ಲಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಉಳಿದದ್ದೆಲ್ಲ ಎಲ್ಲಿ ಸಿಕ್ತು?" ಎಂದಳು. ಬೀಗರ ಮನೆಯ ಹೆಸರು ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾನು ಹೊರಡುವಾಗ ಒಂದು ಚೀಲದಲ್ಲಿ ಎರಡು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟು, "ಒಂದು ಡಜನ್ ನಿಂಗ. ಇನ್ನೊಂದು ಅವರಿಗಿ ಕೊಟ್ಟು ಹೋಗು" ಎಂದಳು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮನೆಯಲ್ಲಿಯೂ ಇಂಥ ತಟ್ಟೆಗಳಿರಬಹುದು. ಇವತ್ತೇ ತೆಗೆದು, ಓದಲು ಬರುವಾಗಲೇ ಪ್ರತಿ ಮಾಡಿಕೊಳ್ಳಿರಿ. ಕೆಟ್ಟಿದ್ದರೆ ಎಸೆಯಬೇಡಿರಿ, ಅದರ ಇನ್ನೊಂದು ಪ್ರತಿ ಯಾರ ಮನೆಯಲ್ಲಿದೆಯೆಂದು ವಿಚಾರಿಸಿರಿ. ಮಾತು ನಿಂತ ಮನೆಯಾದರೂ ಸರಿಯೆ, ಹೋಗಿ ಕೇಳಿರಿ.